ರೋಮಿಗೆ ಹೋಗುವ ಮುನ್ನ, ಹೋಗಿ ಬಂದ ಮೇಲೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಕದಂಬರ ವಿಷಯವನ್ನೋ ಚಾಲುಕ್ಯರ ವಿಷಯವನ್ನೋ ಹೇಳುವುದು ವಾಡಿಕೆ. ನಾವು ಈ ಸಂಜೆ ರೋಮಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಕನ್ನಡದ ಹಬ್ಬದಲ್ಲಿ ಪರದೇಶದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅಂಥವರು ಅರ್ಧ ಗಂಟೆ ತಾಳ್ಮೆಯಿಂದಿರಬೇಕೆಂದು ಪ್ರಾರ್ಥನೆ. ಮಾತು ಸುತ್ತಿ ಸುತ್ತಿ ನಮ್ಮ ಮನೆಯ ಹೆಂಚಿಗೇ ಬಂದು ನಿಲ್ಲುತ್ತದೆ ಎಂಬ ಭರವಸೆಯನ್ನು ಮೊದಲೇ ಕೊಟ್ಟುಬಿಡುತ್ತೇವೆ.

ಕೋಟೆ ವಿಭಾಗದ ಫ್ಲೋರಾ ಫೌಂಟನ್ ನೋಡದವರು ನಮ್ಮಲ್ಲಿ ಯಾರೂ ಇರಲಾರರು. ನಮ್ಮ ತಂದೆ, ಚಿಕ್ಕಪ್ಪಂದಿರಲ್ಲಿ ಎಷ್ಟೋ ಮಂದಿ ಅದರ ಆಸುಪಾಸಿನ ಹೋಟಲುಗಳಲ್ಲಿ ದುಡಿದು, ಅದರ ಮುಂದೆಯೇ ಟ್ರಾಮು ಹತ್ತಿ ಇಳಿದವರು. 1864ರಲ್ಲಿ ನಿಂತ ಆ ಕಾರಂಜಿಯ ತುದಿಯಲ್ಲಿರುವ ಕಲ್ಲಿನ ಹೆಣ್ಣು ಯಾರು ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದ್ದರು? ಅವಳು ಫ್ಲೋರಾ, ರೋಮನರ ಹೂವಿನ ದೇವತೆ, ವಸಂತದ ಒಡತಿ. ನಿತ್ಯ ಅವಳ ಕಾಲಬುಡದಲ್ಲಿ ನಡೆದೂ ನಾವು ಅವಳನ್ನು ಬಸ್ಸಿನ ನಿಲ್ದಾಣದ ಹೆಸರೆಂದೇ ತಿಳಿದಿದ್ದೆವು. ಇದರಲ್ಲಿ ನಾಚಿಕೆಯೇನೂ ಇಲ್ಲ. ಹೊಟ್ಟೆಯ ಪಾಡು ಮೊದಲು, ದೇವತೆಯ ಪರಿಚಯ ಆಮೇಲೆ. ಆದರೆ ಆ 'ಆಮೇಲೆ' ಎಂಬುದು ಯಾವಾಗ ಬರಬೇಕು ಎಂಬುದೇ ಈ ದಿನದ ಪ್ರಶ್ನೆ.

ನಮ್ಮ ಉಪನಗರದಲ್ಲಿ ನಾವು ಆರೇಳು ಸಂಸಾರದವರು ತಿಂಗಳಿಗೊಮ್ಮೆ ಕೂಡಿ ಏನಾದರೂ ಓದುವ ರೂಢಿ ಇಟ್ಟುಕೊಂಡಿದ್ದೇವೆ. ನಮ್ಮಲ್ಲಿ ಒಂದು ಮನೆಯ ಹುಡುಗಿ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದವಳು. 2024ರ ಬೇಸಿಗೆಗೆ ರೋಮಿನಲ್ಲಿ ಆರು ವಾರ ಪ್ರಾಚೀನ ರೋಮನರ ಕಲೆ, ಸಂಸ್ಕೃತಿಗಳನ್ನು ಕಲಿಸುವ ಒಂದು ಶಿಬಿರಕ್ಕೆ ಆಯ್ಕೆಯಾದಳು. ಕಲಿಸುವ ಶುಲ್ಕದಲ್ಲಿ ಅರ್ಧವನ್ನು ಅವರೇ ಬಿಟ್ಟುಕೊಟ್ಟರು. ಉಳಿದರ್ಧ, ವಿಮಾನದ ಖರ್ಚು, ಊಟ ವಸತಿ ನಮ್ಮದು.

ಅವಳ ತಂದೆ ಹದಿಮೂರನೆಯ ವಯಸ್ಸಿನಲ್ಲಿ ದಕ್ಷಿಣ ಕನ್ನಡದಿಂದ ಬಂದು, ಹಗಲು ಹೋಟಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಈಗ ಸ್ವಂತದ ಸಣ್ಣ ಹೋಟಲು ನಡೆಸುತ್ತಾರೆ. ಊರಿನಲ್ಲಿ ಮುದುಕಿ ತಾಯಿ ಇದ್ದಾರೆ, ಮನೆ ಹಳೆಯದು, ಮಾಡಿನ ಪಕಾಸು ಹುಳ ಹಿಡಿದು ಹೆಂಚು ಜಾರಿದೆ. ಆ ಬೇಸಿಗೆಯಲ್ಲಿ ಮಾಡು ಬಿಚ್ಚಿ ಹೊಸದಾಗಿ ಹೊದಿಸಬೇಕೆಂದು ಅವರು ಮೂರು ವರ್ಷ ಹಣ ಕೂಡಿಟ್ಟಿದ್ದರು. ಮಗಳನ್ನು ಕಳಿಸಿದರೆ ಮಾಡಿಲ್ಲ, ಮಾಡು ಹೊದಿಸಿದರೆ ಮಗಳ ಪ್ರಯಾಣವಿಲ್ಲ. ಮಾತು ನಮ್ಮ ಬಳಗಕ್ಕೆ ಬಂತು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಬೇಡವೆಂದೇ ಹೇಳಿದೆವು. ಡಾಕ್ಟರಿಕೆ ಕಲಿಯಲು ಹೋಗುವುದಾದರೆ ಸರಿ; ಕೈ ಮುರಿದ, ಮೂಗು ಹೋದ ಕಲ್ಲುಗಳನ್ನು ನೋಡಲು ಅಷ್ಟು ದೂರವೇಕೆ? ನಮ್ಮ ಹಳೇಬೀಡು, ಬಾದಾಮಿಗಳನ್ನೇ ಇವಳು ಸರಿಯಾಗಿ ನೋಡಿಲ್ಲವಲ್ಲ? ಹೀಗೆಂದು ವಾದಿಸಿದವರು ನಾವೇ. ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. "ಹಾಗಾದರೆ ಇಲ್ಲಿರುವುದನ್ನು ಮೊದಲು ನೋಡೋಣ, ನೀವೂ ಬನ್ನಿ" ಎಂದಳು. ತಂದೆ ಇನ್ನೊಂದು ಷರತ್ತು ಹಾಕಿದರು: "ಹೋಗುವುದಾದರೆ ವಾರಕ್ಕೊಂದು ಕಾಗದ ಅಜ್ಜಿಗೆ ಬರೆಯಬೇಕು. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು." ಇಲ್ಲಿತ್ತು ಗಂಟು. ನಮ್ಮ ಹೆಚ್ಚಿನ ಮಕ್ಕಳಂತೆ ಅವಳಿಗೂ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಲ್ಯಾಟಿನ್ ಪಾಠದ ಜೊತೆಗೆ ಅವಳಿಗೆ ಒತ್ತಕ್ಷರದ ಪಾಠವೂ ನಡೆಯಿತು. ಯಾವುದು ಕಷ್ಟವೆಂದು ಕೇಳಿದರೆ ಒತ್ತಕ್ಷರವೇ ಎನ್ನುತ್ತಿದ್ದಳು.

ಅವಳ ಮಾತಿನಂತೆ ನಾವೂ ಹೊರಟೆವು. ಮೊದಲ ಭಾನುವಾರ ಕಾಲಾಘೋಡಾದ ವಸ್ತುಸಂಗ್ರಹಾಲಯ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಹೆಸರಿನಲ್ಲಿ ತೆರೆದು, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಹೊತ್ತಿರುವ ಅದೇ ಕಟ್ಟಡ. ನಮ್ಮ ಅದೃಷ್ಟಕ್ಕೆ 2023ರ ಡಿಸೆಂಬರಿನಿಂದ 2024ರ ಅಕ್ಟೋಬರಿನವರೆಗೆ ಅಲ್ಲಿ ಭಾರತ, ಈಜಿಪ್ಟ್, ಅಸ್ಸೀರಿಯ, ಗ್ರೀಸ್, ರೋಮುಗಳ ಪ್ರಾಚೀನ ಶಿಲ್ಪಗಳನ್ನು ಒಟ್ಟಿಗೆ ಇಟ್ಟ ಪ್ರದರ್ಶನವಿತ್ತು. ಲಂಡನ್, ಬರ್ಲಿನ್, ಲಾಸ್ ಏಂಜಲೀಸುಗಳ ದೊಡ್ಡ ಸಂಗ್ರಹಾಲಯಗಳು ಕೈಜೋಡಿಸಿದ್ದವು. ಅವರ ದೇವರೂ ನಮ್ಮ ದೇವರೂ ಒಂದೇ ಸೂರಿನಡಿ ನಿಂತಾಗ ನಮಗೆ ಮೊದಲ ಬಾರಿ ಒಂದು ವಿಷಯ ಹೊಳೆಯಿತು. ಅವರ ಶಿಲ್ಪಿ ಚರ್ಮದ ಕೆಳಗಿನ ಎಲುಬನ್ನೂ ಸ್ನಾಯುವನ್ನೂ ಅಳೆದು ಕೊರೆದಿದ್ದಾನೆ; ನಮ್ಮ ಶಿಲ್ಪಿ ಒಳಗೆ ತುಂಬಿದ ಉಸಿರನ್ನು ಕೊರೆದಿದ್ದಾನೆ. ಹೆಚ್ಚು ಕಡಿಮೆಯ ಪ್ರಶ್ನೆ ಇದಲ್ಲ, ನೋಡುವ ಕಣ್ಣಿನ ಪ್ರಶ್ನೆ.

ಈ ಭೇದ ಮುಂಬಯಿಗೆ ಹೊಸದೇನೂ ಅಲ್ಲ. 1857ರಲ್ಲಿ ಆರಂಭವಾದ ಸರ್ ಜೆ. ಜೆ. ಕಲಾಶಾಲೆಯಲ್ಲಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಗ್ರೀಕ್, ರೋಮನ್ ಶಿಲ್ಪಗಳ ಸುಣ್ಣದ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಚಿತ್ರ ತಿದ್ದಿದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ. ಕೆ. ಹೆಬ್ಬಾರರು ಕಲಿತದ್ದೂ, ಕಲಿಸಿದ್ದೂ ಅದೇ ಶಾಲೆಯಲ್ಲಿ. ಮುಂದೆ ಪ್ಯಾರಿಸಿಗೂ ಹೋಗಿ ಬಂದರು. ಆದರೆ ಅವರ ರೇಖೆ ಮಾತ್ರ ನಮ್ಮ ನೆಲದ ಕುಣಿತವನ್ನು ಬಿಡಲಿಲ್ಲ. ಹೊರಗಿನದನ್ನು ಕಲಿತವನು ತನ್ನದನ್ನು ಕಳೆದುಕೊಳ್ಳಲೇಬೇಕೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಎರಡನೆಯ ಭಾನುವಾರ ಲೋಣಾವಳದ ಬಳಿಯ ಕಾರ್ಲೆಗೆ ಹೋದೆವು. ನಮ್ಮ ದೇಶದ ಬಂಡೆ ಕೊರೆದ ಚೈತ್ಯಗಳಲ್ಲಿ ಅದು ಅತಿ ದೊಡ್ಡದು. ಒಳಗಿನ ಸಾಲು ಕಂಬಗಳ ಮೇಲೆ ದಾನಿಗಳ ಹೆಸರಿದೆ. ಅವರಲ್ಲಿ ಹಲವರು ತಮ್ಮನ್ನು 'ಧೇನುಕಾಕಟದ ಯವನ' ಎಂದು ಕರೆದುಕೊಂಡಿದ್ದಾರೆ. ಈ ಯವನರು ಸಮುದ್ರದಾಚೆಯಿಂದ ಬಂದ ವರ್ತಕರೋ, ಇಲ್ಲಿಯೇ ನೆಲೆಸಿದ ಪರದೇಶೀಯರ ಮಕ್ಕಳೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಬರೆದ ಭಾಷೆ ಇಲ್ಲಿಯ ಪ್ರಾಕೃತ, ಲಿಪಿ ಬ್ರಾಹ್ಮಿ. ಬಂದ ನೆಲದ ಭಾಷೆಯಲ್ಲಿ ಬರೆದರು. ಆದರೂ ತಾವು ಯಾರೆಂಬುದನ್ನು ಬಿಡದೆ ಬರೆದರು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಆ ಕಂಬದ ಮುಂದೆ ನಿಂತಾಗ ಮೈ ಜುಮ್ಮೆಂದದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ವ್ಯಾಪಾರದ ನಕ್ಷೆಯನ್ನು ಕ್ರಿ.ಶ. ಮೊದಲ ಶತಮಾನದ ಒಂದು ಗ್ರೀಕ್ ಕೈಪಿಡಿ ಕೊಡುತ್ತದೆ. 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂದು ಅದರ ಹೆಸರು. ಅದರಲ್ಲಿ ಸೊಪಾರ ಇದೆ, ಕಲ್ಯಾಣ ಇದೆ, ಚೌಲ್ ಇದೆ. ನಾವು ದಿನಾ ಲೋಕಲ್ ಗಾಡಿಯಲ್ಲಿ ನೂಕಾಡಿ ಹತ್ತುವ ನಾಲಾಸೊಪಾರ, ಕಲ್ಯಾಣಗಳು! ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಸಾಗಿಸುವ ಕಾಲ ಬಂದಿತ್ತೆಂದೂ ಅದರಲ್ಲಿ ದೂರು ಇದೆ. ಇಟಲಿಯ ದ್ರಾಕ್ಷಾರಸ, ತಾಮ್ರ, ಹವಳ, ಗಾಜು ಇತ್ತ ಬರುತ್ತಿದ್ದವು. ಮೆಣಸು, ಹತ್ತಿಬಟ್ಟೆ, ದಂತ ಅತ್ತ ಹೋಗುತ್ತಿದ್ದವು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ನಮ್ಮಿಂದ ಹೀರುತ್ತದೆ ಎಂದು ರೋಮಿನ ಪ್ಲಿನಿ ಗೊಣಗಿದ್ದು ಈ ವ್ಯಾಪಾರವನ್ನು ಕುರಿತೇ.

ಆ ಹಣ ನಮ್ಮ ಕನ್ನಡನಾಡಿಗೂ ಬಂದಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಲ್ಲಿ 1929ರಲ್ಲಿ ಅಗೆಸಿದವರು ಮೈಸೂರಿನ ಡಾ. ಎಂ. ಎಚ್. ಕೃಷ್ಣರು, 1947ರಲ್ಲಿ ಮತ್ತೆ ಅಗೆಸಿದವರು ವ್ಹೀಲರ್ ಸಾಹೇಬರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿಯೇ ರೋಮನ್ ನಾಣ್ಯಗಳ ಗಂಟು ಸಿಕ್ಕಿತ್ತು. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಒಂದು ಗ್ರೀಕ್ ಪ್ರಹಸನದ ಮಾತು ನಮ್ಮಲ್ಲಿ ಅನೇಕರಿಗೆ ಗೊತ್ತು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹುಡುಗಿಯನ್ನು ಅವಳ ಕಡೆಯವರು ಅಲ್ಲಿಯ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಹಿಂದೆ ಬಿದ್ದು ಶ್ರಮಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆದ್ದರಿಂದ 'ರೋಮಿನ ರಂಗಭೂಮಿಯಲ್ಲಿ ಕನ್ನಡ ಮೊಳಗಿತು' ಎಂದು ವೇದಿಕೆಯಿಂದ ಗರ್ಜಿಸುವುದು ಬೇಡ. ಸಂಶಯವಿರುವಲ್ಲಿ ಸಂಶಯವನ್ನು ಉಳಿಸಿಕೊಳ್ಳುವುದೂ ಭಾಷಾಭಿಮಾನವೇ.

ಸಂಶಯವಿಲ್ಲದ ಒಂದು ಸಂಗತಿಯನ್ನು ನೋಡಲು ಮೂರನೆಯ ಸಲ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿ ಕೊಲ್ಲಾಪುರಕ್ಕೆ ಹೋದೆವು. ಅಲ್ಲಿಯ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಗೇಣುದ್ದವೂ ಇಲ್ಲದ ಒಂದು ಕಂಚಿನ ಮೂರ್ತಿಯಿದೆ. ಗ್ರೀಕರು ಪೊಸೈಡನ್ ಎಂದೂ ರೋಮನರು ನೆಪ್ಚೂನ್ ಎಂದೂ ಕರೆಯುವ ಸಮುದ್ರದೇವತೆ. ಪಂಚಗಂಗಾ ತೀರದ ಬ್ರಹ್ಮಪುರಿ ದಿಬ್ಬದಲ್ಲಿ, 1944ರ ಸುಮಾರಿಗೆ, ರೋಮನ್ ಹೂಜಿ, ಕನ್ನಡಿ, ಸವಾರರನ್ನು ಹೊತ್ತ ನಮ್ಮದೇ ಕಂಚಿನ ಆನೆ ಇವುಗಳ ಜೊತೆ ಒಂದೇ ಕಡೆ ಸಿಕ್ಕಿತು. ಸಮುದ್ರದಿಂದ ಘಟ್ಟ ಹತ್ತಿ ಸಮುದ್ರದೇವತೆ ಅಷ್ಟು ದೂರ ಒಳನಾಡಿಗೆ ಬಂದದ್ದೇ ಸೋಜಿಗ. ಇನ್ನೂ ಸೋಜಿಗವೆಂದರೆ ಆ ನಿಧಿಯನ್ನು ಹೊರತೆಗೆಸಿದವರು ಯಾರು ಎಂಬುದು. ಬೆಳಗಾವಿ ಜಿಲ್ಲೆಯ ಕೌಜಲಗಿಯವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರು, 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಪ್ರೊ. ಕೆ. ಜಿ. ಕುಂದಣಗಾರರು! ಕಲಾ ವಿದ್ವಾಂಸರಾದ ಕಾರ್ಲ್ ಖಂಡಾಲಾವಾಲಾ ಅವರು ಆ ವಸ್ತುಗಳ ಮೇಲೆ ಬರೆದ ಲೇಖನದಲ್ಲಿ ಅದನ್ನು 'ಕುಂದಣಗಾರ ನಿಧಿ' ಎಂದೇ ಕರೆದಿದ್ದಾರೆ. ಕನ್ನಡ ಪಂಡಿತನೊಬ್ಬ ನೆರೆಯ ನಾಡಿನ ಮಣ್ಣಿನಿಂದ ರೋಮಿನ ದೇವರನ್ನು ಎತ್ತಿ ಲೋಕಕ್ಕೆ ಕೊಟ್ಟ. ನಮ್ಮ ಸಮಾರಂಭಗಳಲ್ಲಿ ಈ ಹೆಸರು ಎಷ್ಟು ಸಲ ಕೇಳಿಬಂದಿದೆ? ಆ ಗಾಜಿನ ಪೆಟ್ಟಿಗೆಯ ಮುಂದೆ ಹುಡುಗಿಯ ತಂದೆ ಬಹಳ ಹೊತ್ತು ನಿಂತರು. ಹಿಂದಿರುಗುವಾಗ ರೈಲಿನಲ್ಲಿ, "ಮಾಡು ಇನ್ನೊಂದು ಮಳೆಗಾಲ ತಾಳೀತು" ಎಂದರು. ಅಷ್ಟೇ.

ಹುಡುಗಿ ಜೂನಿನಲ್ಲಿ ಹೋದಳು. ರೋಮಿನಲ್ಲಿ ಹೀಗೆ ಪರದೇಶದವರು ಬಂದು ಕಲಿಯುವುದು ಹಳೆಯ ಪದ್ಧತಿ. ಫ್ರೆಂಚರು 1666ರಲ್ಲಿಯೇ ಅಲ್ಲಿ ಕಲಾಶಾಲೆ ತೆರೆದರು, ಬ್ರಿಟಿಷರ ಶಾಲೆ 1901ರದು. ಪಾಠ ಕೋಣೆಯಲ್ಲಿ ಕಡಿಮೆ, ಬೀದಿಯಲ್ಲಿ ಹೆಚ್ಚು. ಬೆಳಿಗ್ಗೆ ಬಿಸಿಲೇರುವ ಮುನ್ನ ಕಟ್ಟಡದ ಮುಂದೆ ನಿಲ್ಲಿಸುವುದು, ನೋಡಿದ್ದನ್ನು ಕೈಯಿಂದ ಚಿತ್ರಿಸಲು ಹೇಳುವುದು, ಆಮೇಲೆ ಪ್ರಶ್ನೆ ಕೇಳುವುದು.

ಮೊದಲ ಕಾಗದ ಅಜ್ಜಿಗೆ ಬಂದಾಗ ಅದರಲ್ಲಿ ತಪ್ಪಿಲ್ಲದ ಸಾಲು ಒಂದೋ ಎರಡೋ. ಆದರೆ ವಿಷಯ ಸ್ವಾರಸ್ಯವಾಗಿತ್ತು. ಪ್ಯಾಂಥಿಯನ್ ಎಂಬ ದೇವಾಲಯದ ವಿಷಯ. ಅದರ ಗುಮ್ಮಟದ ಅಗಲ ಸುಮಾರು 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ಬಯಲು ಕಂಡಿ, ಮಳೆ ಬಂದರೆ ನೇರ ಒಳಗೆ. "ಅಜ್ಜೀ, ನಮ್ಮ ಮನೆಯ ಮಾಡಿನ ಹಾಗೆಯೇ ಇದೂ ಸೋರುತ್ತದೆ, ಆದರೆ ಇದನ್ನು ಬೇಕೆಂದೇ ಸೋರುವ ಹಾಗೆ ಕಟ್ಟಿದ್ದಾರೆ" ಎಂದು ಬರೆದಿದ್ದಳು. ಅದರ ಹಣೆಯ ಮೇಲೆ ಕಟ್ಟಿಸಿದವನು ಅಗ್ರಿಪ್ಪ ಎಂದು ದೊಡ್ಡ ಅಕ್ಷರದಲ್ಲಿದೆ. ಬಹುಕಾಲ ಲೋಕ ಅದನ್ನು ನಂಬಿತ್ತು. ಆದರೆ 1892ರಲ್ಲಿ ಶೆಡಾನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಗೋಡೆಯ ಇಟ್ಟಿಗೆಗಳನ್ನು ಪರೀಕ್ಷಿಸಿದ. ರೋಮಿನ ಇಟ್ಟಿಗೆಗಳ ಮೇಲೆ ಭಟ್ಟಿಯ ಒಡೆಯರ ಮುದ್ರೆಯಿರುತ್ತದೆ, ಕೆಲವದರಲ್ಲಿ ಆ ವರ್ಷದ ಅಧಿಕಾರಿಗಳ ಹೆಸರೂ. ಅವು ಹೇಡ್ರಿಯನ್ ಚಕ್ರವರ್ತಿಯ ಕಾಲದವು! ಅಗ್ರಿಪ್ಪನ ಹಳೆಯ ಗುಡಿ ಸುಟ್ಟುಹೋದ ಮೇಲೆ ಹೊಸದನ್ನು ಕಟ್ಟಿಸಿದ ಹೇಡ್ರಿಯನ್ ತನ್ನ ಹೆಸರನ್ನು ಬಿಟ್ಟು ಹಳೆಯವನ ಹೆಸರನ್ನೇ ಕೆತ್ತಿಸಿದ್ದ. ಫ್ಯಾನು ಕೊಟ್ಟರೂ ಅದರ ರೆಕ್ಕೆಯ ಮೇಲೆ ಹೆಸರು ಬರೆಸುವ ದಾನಿಗಳಾದ ನಾವು ಇದನ್ನು ಸ್ವಲ್ಪ ಗಮನಿಸಬೇಕು.

ಕಾಗದದ ಕೊನೆಗೆ ಹುಡುಗಿ ಕೇಳಿದ್ದಳು: "ನಮ್ಮ ಮಾಡಿನ ಹೆಂಚಿನ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ, ನೋಡು." ಅಂಗಳಕ್ಕೆ ಜಾರಿಬಿದ್ದಿದ್ದ ಹೆಂಚೊಂದನ್ನು ಅಜ್ಜಿ ತೊಳೆಸಿ, ನೆರೆಮನೆಯ ಹುಡುಗನಿಂದ ಓದಿಸಿದರು. ಕಾರ್ಖಾನೆಯ ಹೆಸರು, ಮಂಗಳೂರು ಎಂಬ ಊರು, ಎರಡೂ ಅಚ್ಚಾಗಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಒಂದಾದ ಮೇಲೊಂದರಂತೆ ಎದ್ದ ಕಾರ್ಖಾನೆಗಳಲ್ಲಿ ಅದೂ ಒಂದು. ಐವತ್ತು ವರ್ಷ ಆ ಮಾಡಿನ ಕೆಳಗೆ ಬಾಳಿದ ಮುದುಕಿ ತನ್ನ ತಲೆಯ ಮೇಲಿನ ಬರಹವನ್ನು ಮೊದಲ ಸಲ ಕೇಳಿದರು. ಆ ಮಳೆಗಾಲ ಪಡಸಾಲೆಯಲ್ಲಿ ನಾಲ್ಕು ಕಡೆ ಪಾತ್ರೆ ಇಡಬೇಕಾಯಿತು. ಒಂದು ಪೆಟ್ಟಿಗೆ ಬಟ್ಟೆ ಹಾಳಾಯಿತು. ಮೊಮ್ಮಗಳ ಓದಿಗೆ ಯಾರು ಏನು ತೆತ್ತರು ಎಂಬುದನ್ನು ಮರೆಯದಿರಲೆಂದು ಇದನ್ನು ಹೇಳುತ್ತಿದ್ದೇವೆ.

ಮೂರನೆಯ ವಾರ ಅವಳು ತಂದೆಗೊಂದು ಚಿತ್ರ ಕಳಿಸಿದಳು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಒಂದು ಅಂಗಡಿ. ಬೀದಿಯ ಮೂಲೆಯಲ್ಲಿ ಕಟ್ಟೆ. ಕಟ್ಟೆಯೊಳಗೆ ಹೂಳಿದ ದೊಡ್ಡ ಮಣ್ಣಿನ ಗಡಿಗೆಗಳ ದುಂಡು ಬಾಯಿ. ಮುಂಭಾಗದಲ್ಲಿ ಬಾತುಕೋಳಿಗಳ ಬಣ್ಣದ ಚಿತ್ರ. 2020ರಲ್ಲಿ ಪೂರ್ಣವಾಗಿ ಅಗೆದು ತೆಗೆದ ಈ ಅಂಗಡಿಯ ಗಡಿಗೆಗಳಲ್ಲಿ ಬಾತು, ಹಂದಿ, ಮೇಕೆ, ಮೀನುಗಳ ಅವಶೇಷ ಸಿಕ್ಕಿತು. ಕಲೆಯ ವಿಷಯದಲ್ಲಿ ಒಂದು ಮಾತೂ ಆಡದ ನಮ್ಮ ಹೋಟಲಿನವರು ಅದನ್ನು ನೋಡಿದ್ದೇ ತಡ, ಎದ್ದು ಕುಳಿತರು. "ಮೂಲೆಯ ಅಂಗಡಿ, ಎರಡು ಬೀದಿಯ ಗಿರಾಕಿ. ಗಲ್ಲೆ ಈ ಕಡೆ ಇರಬೇಕು. ನಿಂತು ತಿನ್ನುವ ಜನ, ಕೂರಲು ಜಾಗ ಕೊಟ್ಟರೆ ವ್ಯಾಪಾರವಿಲ್ಲ. ಗಡಿಗೆ ತೊಳೆಯುವುದು ಹೇಗೆ? ಅದನ್ನು ಕೇಳು!" ಎಂದು ಅರ್ಧ ಗಂಟೆ ವಿವರಿಸಿದರು. ಗಡಿಗೆ ತೊಳೆಯುವ ಪ್ರಶ್ನೆಯನ್ನು ಅವಳು ತರಗತಿಯಲ್ಲಿ ಕೇಳಿದಳಂತೆ. ವಿದ್ವಾಂಸರೂ ಅದನ್ನೇ ಚರ್ಚಿಸುತ್ತಾರೆ, ಎಷ್ಟೋ ಕಟ್ಟೆಗಳ ಗಡಿಗೆಗಳಲ್ಲಿ ಇದ್ದದ್ದು ಒಣ ಪದಾರ್ಥವೇ ಎಂಬ ವಾದವೂ ಇದೆ ಎಂದು ಉತ್ತರ ಬಂತು. ನಮ್ಮ ಹೋಟಲಿನವರಿಗೆ ಅಂದಿನ ಸಂತೋಷ ಹೇಳತೀರದು.

ಅದೇ ಪಾಂಪೆಯ ಬೂದಿಯಲ್ಲಿ 1938ರಲ್ಲಿ ಭಾರತದ ದಂತದ ಹೆಣ್ಣುಮೂರ್ತಿಯೊಂದು ಸಿಕ್ಕಿತು. ಈಗ ನೇಪಲ್ಸಿನ ಸಂಗ್ರಹಾಲಯದಲ್ಲಿದೆ. ಅದನ್ನು ಹೋಲುವ ದಂತದ ಗೊಂಬೆಗಳು ಮಹಾರಾಷ್ಟ್ರದ ತೇರ್, ಭೋಕರ್ದನ್‌ಗಳಲ್ಲಿ ದೊರೆತಿವೆ. ಅವರ ದೇವರು ನಮ್ಮ ಕೊಲ್ಲಾಪುರದಲ್ಲಿ, ನಮ್ಮ ಹೆಣ್ಣುಮಗಳು ಅವರ ಪಾಂಪೆಯಲ್ಲಿ. ಬೀಗತನ ಹಳೆಯದು.

ಕೊನೆಯ ಕಾಗದ ನಮ್ಮೆಲ್ಲರಿಗೂ ಸೇರಿದ್ದು. ರೋಮಿನ ಹಳೆಯ ಬಂದರು ಓಸ್ತಿಯಾ. ಅಲ್ಲಿ ನಾಟಕಶಾಲೆಯ ಹಿಂದೆ ಒಂದು ಚೌಕ. ಸುತ್ತಲೂ ಸುಮಾರು ಅರವತ್ತು ಚಿಕ್ಕ ಕೋಣೆಗಳು. ಪರಊರಿನ ವರ್ತಕರ, ನಾವಿಕರ ಸಂಘಗಳ ಕಚೇರಿಗಳೆಂದು ಇವುಗಳನ್ನು ಗುರುತಿಸುತ್ತಾರೆ. ಕಪ್ಪು ಬಿಳಿ ಹರಳು ಕೂಡಿಸಿದ ನೆಲದ ಮೇಲೆ ಅವರವರ ಊರಿನ ಹೆಸರು: ಕಾರ್ಥೇಜಿನವರು, ನಾರ್ಬೋನಿನವರು, ಅಲೆಕ್ಸಾಂಡ್ರಿಯದವರು. ಆಫ್ರಿಕದ ಸಬ್ರತದವರು ತಮ್ಮ ಹೆಸರಿನ ಕೆಳಗೆ ಆನೆಯ ಚಿತ್ರ ಹಾಕಿಸಿದ್ದಾರೆ. "ಇದು ನಮ್ಮ ಸಂಘದ ಹಾಗೆಯೇ ಇದೆ" ಎಂದು ಹುಡುಗಿ ಬರೆದಿದ್ದಳು. ಈ ಸಲ ಒತ್ತಕ್ಷರ ಒಂದೂ ತಪ್ಪಿರಲಿಲ್ಲ. "ಗೋಡೆ ಬಿದ್ದಿದೆ, ಮಾಡು ಹೋಗಿದೆ, ಜನರ ಮಾತು ಯಾವುದೆಂದು ಕೇಳುವವರಿಲ್ಲ. ನೆಲದ ಮೇಲೆ ಬರೆದ ಊರಿನ ಹೆಸರು ಮಾತ್ರ ಉಳಿದಿದೆ."

ಬಂಧುಗಳೇ, ಈ ಮಾತನ್ನು ಓದಿ ನಾವು ಸುಮ್ಮನೆ ಕುಳಿತೆವು. ನಮ್ಮ ಸಂಘದ ಫಲಕದಲ್ಲಿ ಕನ್ನಡವಿದೆ, ನೆಲಗಲ್ಲಿನಲ್ಲಿ ಕನ್ನಡವಿದೆ. ಅದನ್ನು ಓದಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿದ್ದಾರೆ? ಫಲಕವೊಂದೇ ಉಳಿದರೆ ನಾವೂ ಒಂದು ದಿನ ಯಾರೋ ನೋಡಿಹೋಗುವ ಚೌಕವಾಗುತ್ತೇವೆ. ಒಬ್ಬ ಹುಡುಗಿ ಅಕ್ಷರ ಕಲಿತದ್ದು ನಮ್ಮ ಉಪದೇಶದಿಂದಲ್ಲ. ಹೇಳಬೇಕಾದ ಸಂಗತಿ ಅವಳಲ್ಲಿತ್ತು, ಅದನ್ನು ಕನ್ನಡದಲ್ಲಿ ಮಾತ್ರ ಓದಬಲ್ಲ ಒಬ್ಬರು ಅವಳಿಗಿದ್ದರು. ಭಾಷೆ ಉಳಿಯುವುದು ಹೀಗೆ.

ಆದ್ದರಿಂದ ಸಂಘಕ್ಕೆ ನಮ್ಮ ವಿನಂತಿ ಎರಡು. ವರ್ಷಕ್ಕೆ ಮೂರು ಭಾನುವಾರ ಮಕ್ಕಳನ್ನು ಕಾಲಾಘೋಡಾಕ್ಕೋ ಕಾರ್ಲೆಗೋ ಕೊಲ್ಲಾಪುರಕ್ಕೋ ಕರೆದೊಯ್ಯೋಣ; ಖರ್ಚು ದೊಡ್ಡದಲ್ಲ. ಓದಿಗೆಂದು ಹೊರನಾಡಿಗೆ ಹೋಗುವ ಪ್ರತಿ ಮಗುವೂ ಊರಿನ ಒಬ್ಬ ಹಿರಿಯರಿಗೆ ಕನ್ನಡದಲ್ಲಿ ಕಾಗದ ಬರೆಯುವ ಪದ್ಧತಿ ಹಾಕೋಣ. ಆ ಕಾಗದಗಳು ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲಿ, ತಪ್ಪಿದ್ದರೆ ತಪ್ಪಿನೊಡನೆಯೇ. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದರು ಹಿರಿಯರು. ಸುತ್ತಿದ್ದನ್ನು ಮನೆಯವರಿಗೆ ಅವರ ಮಾತಿನಲ್ಲಿ ಹೇಳು ಎಂಬುದನ್ನು ನಾವು ಸೇರಿಸಿಕೊಳ್ಳೋಣ.

ಕೊನೆಗೆ ಒಂದು ಸುದ್ದಿ. ಊರಿನ ಮನೆಯ ಮಾಡನ್ನು ಮರುವರ್ಷ ಬಿಚ್ಚಿ ಹೊಸ ಪಕಾಸು ಹಾಕಿ ಹೊದಿಸಿದ್ದಾಯಿತು. ಒಡೆಯದೆ ಉಳಿದ ಹಳೆಯ ಹೆಂಚುಗಳನ್ನೇ ಮತ್ತೆ ಬಳಸಿದರು. ಒಂದನ್ನು ಮಾತ್ರ ಅಜ್ಜಿ ಮಾಡಿಗೆ ಏರಿಸಗೊಡಲಿಲ್ಲ; ಬರಹದ ಬದಿಯನ್ನು ಹೊರಗೆ ಮಾಡಿ ಪಡಸಾಲೆಯಲ್ಲಿ ಒರಗಿಸಿಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರಂತೆ.

 ಸಿರಿಗನ್ನಡಂ ಗೆಲ್ಗೆ.